ಜಿನ್ನಿಂಗ್ ಮಿಲ್ಲಿನ ಬಾಗಿಲಲ್ಲಿ
ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ರೋಲರ್ ಎಳೆಯನ್ನು ಸೆಳೆದುಕೊಳ್ಳುತ್ತದೆ, ಮೇಲೆ ಕೆಳಗೆ ಆಡುವ ಚಾಕು ಬೀಜವನ್ನು ಬಡಿದು ಉದುರಿಸುತ್ತದೆ. ಮತ್ತೆ ಅದೇ, ಮತ್ತೆ ಅದೇ. ಮಾನ್ವಿಯ ಅಕ್ಕಿ ಗಿರಣಿಯ ಬೆಲ್ಟು, ದೇವದುರ್ಗದ ಹಿಟ್ಟಿನ ಗಿರಣಿಯ ಚಕ್ರವೂ ಹಾಗೆಯೇ. ಆಟಿಸಂ ಇರುವ ಮಗು ಅಂಥದರ ಮುಂದೆ ಮೈಮರೆತು ನಿಂತರೆ ನಾವು ರಟ್ಟೆ ಹಿಡಿದು ಎಳೆಯುತ್ತೇವೆ. ಎಳೆಯಬೇಡಿ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಕುರಿತು ಬರೆದ ಪ್ರಬಂಧದಲ್ಲೇ, ತಿರುಗುವ ವಸ್ತುಗಳು ಕೊಡುವ ಈ ಖುಷಿ ದಾಖಲಾಗಿದೆ. ಮನುಷ್ಯರ ಮುಖ ಕ್ಷಣಕ್ಕೊಂದು ಬಗೆ. ಆದರೆ ಯಂತ್ರದ ಮುಂದಿನ ಸುತ್ತು ಮೊದಲೇ ಗೊತ್ತು, ಆ ಭರವಸೆ ಎಷ್ಟು ದೊಡ್ಡದು! (ಸದ್ದು ಸಹಿಸಲಾಗದ ಕೆಲವರು ಕಿವಿ ಮುಚ್ಚಿಕೊಂಡೇ ನೋಡುತ್ತಾರೆ.) ಬೆಲ್ಟಿನಿಂದ ದೂರ, ಬಾಗಿಲ ಬಳಿ ಸ್ಟೂಲ್ ಹಾಕಿ, ಪಕ್ಕದಲ್ಲಿ ನೀವೂ ಕೂತು ನೋಡಿ, ಹತ್ತಿಬೀಜ ಉದುರುವುದನ್ನು.