33 ಪಂದ್ಯ, ಒಂದೇ ಅಂಗಣ

ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗಿನಲ್ಲಿ ಕರ್ನಾಟಕಕ್ಕೊಂದು ತಂಡ ಇರಲಿಲ್ಲವಲ್ಲ ಎಂದು ಇನ್ನೂ ಕೊರಗುವವರಿದ್ದಾರೆ. ಅವರಿಗೆ ನನ್ನ ಅಭಿನಂದನೆ, ಬಚಾವಾಗಿದ್ದೀರಿ. ತಂಡ ಸಿಕ್ಕ ಮಹಾರಾಷ್ಟ್ರ, ಉತ್ತರ ಪ್ರದೇಶ, ರಾಜಸ್ಥಾನ, ಗುಜರಾತ್, ದೆಹಲಿ ಮತ್ತು ತೆಲುಗರಿಗೆ ಕೊನೆಗೆ ಉಳಿದದ್ದಾದರೂ ಏನು? ಒಂದು ಲಾಂಛನ, ಒಂದು ಜೆರ್ಸಿ, ಮೊಬೈಲಿನಲ್ಲಿ ನೋಡಲು ಒಂದಷ್ಟು ತುಣುಕು. 2020ರಲ್ಲಿ ಘೋಷಣೆಯಾಗಿ, ಮುಂದಕ್ಕೆ ಹೋಗಿ ಹೋಗಿ, 2023ರ ಜೂನ್ 8ರಂದು ಜೈಪುರದಲ್ಲಿ ಶುರುವಾದ ಲೀಗು ಜೂನ್ 25ಕ್ಕೆ ಮುಗಿಯಿತು. ಗೋಲ್ಡನ್ ಈಗಲ್ಸ್ ಉತ್ತರ ಪ್ರದೇಶವನ್ನು ಸೋಲಿಸಿ ಮಹಾರಾಷ್ಟ್ರ ಐರನ್‌ಮೆನ್ ಕಪ್ ಎತ್ತಿತು. ಮರುವರ್ಷ ಜೂನ್ ಬಂತು, ಲೀಗು ಬರಲಿಲ್ಲ. ಪಟ್ಟ ಉಳಿಸಿಕೊಳ್ಳಲು ಚಾಂಪಿಯನ್ನರು ಬೆವರು ಸುರಿಸಬೇಕಾದ ಪ್ರಮೇಯವೇ ಇಲ್ಲ. ಎಂಥ ಸುಖ!

ಈಗ ಮತ್ತೆ ಅದೇ ರಾಗ: ಲೀಗು ಬರಲಿ, ಆಟ ತಾನಾಗಿ ಬೆಳೆಯುತ್ತದೆ, ಈ ಸಲ ಬೆಂಗಳೂರಿನಿಂದಲೂ ಯಾರಾದರೂ ದುಡ್ಡು ಹಾಕಲಿ. ಹಾಕುವ ಮೊದಲು ಒಂದು ಲೆಕ್ಕ ನೋಡಿ. 33 ಪಂದ್ಯ, 18 ದಿನ, ಒಂದು ಅಂಗಣ. ಆರು ತಂಡಗಳು ಒಂದಕ್ಕೊಂದು ಎರಡೆರಡು ಸಲ ಆಡಿದರೆ 30, ಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್. ಎಲ್ಲವೂ ಸವಾಯಿ ಮಾನ್‌ಸಿಂಗ್ ಒಳಾಂಗಣ ಕ್ರೀಡಾಂಗಣದ ಅದೇ ನೆಲದ ಮೇಲೆ.

ಲೀಗಿನಲ್ಲಿ ಒಂದೇ ಎದುರಾಳಿಯ ಜೊತೆ ಎರಡು ಸಲ ಆಡುವುದು ಯಾಕೆಂದು ಆಟದ ಗಂಧಗಾಳಿ ಇಲ್ಲದವನಿಗೂ ಗೊತ್ತು. ಒಮ್ಮೆ ನಿಮ್ಮೂರಲ್ಲಿ, ಒಮ್ಮೆ ನಮ್ಮೂರಲ್ಲಿ. ನಿಮ್ಮೂರಿನ ಜನ ನಮ್ಮ ಗೋಲ್‌ಕೀಪರನ್ನು ಗೇಲಿ ಮಾಡಬೇಕು, ನಮ್ಮೂರಿನವರು ನಿಮ್ಮವನನ್ನು. ಜೈಪುರದಲ್ಲಿ ಗುಜರಾತಿನವರು ದೆಹಲಿಯವರ ಜೊತೆ ಎರಡನೇ ಸಲ ಆಡಿದಾಗ ಬದಲಾದದ್ದು ತಾರೀಖು ಮಾತ್ರ. ರಾಜಸ್ಥಾನವೊಂದನ್ನು ಬಿಟ್ಟರೆ ಉಳಿದ ಐದೂ ತಂಡಗಳು ತಾವು ಹೆಸರಿಟ್ಟುಕೊಂಡ ಊರಿನ ಎದುರು ಒಂದೇ ಒಂದು ನಿಮಿಷ ಆಡಲಿಲ್ಲ. ತೆಲುಗು ಟ್ಯಾಲನ್ಸ್ ಗೆದ್ದರೆ ಹೈದರಾಬಾದಿನ ಯಾವ ಗಲ್ಲಿಯಲ್ಲಿ ಪಟಾಕಿ ಹೊಡೆಯಬೇಕು? ಇದಕ್ಕೆ ಲೀಗು ಅನ್ನುವುದಾದರೆ ಬಾಡಿಗೆ ಛತ್ರದಲ್ಲಿ ಸಾಲಾಗಿ ನಡೆಯುವ ಆರು ಮದುವೆಗಳಿಗೂ ಒಂದೇ ಕುಟುಂಬ ಅನ್ನಬಹುದು.

ತಾರೀಖಿನ ಆಯ್ಕೆಯಂತೂ ಇನ್ನೂ ಸೊಗಸು. ಜೂನ್ 7ರಿಂದ 11ರವರೆಗೆ ಓವಲ್‌ನಲ್ಲಿ ಭಾರತ, ಆಸ್ಟ್ರೇಲಿಯಾ ನಡುವೆ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್. ನಮ್ಮ ಹ್ಯಾಂಡ್‌ಬಾಲ್ ಪಂಡಿತರು ಇಡೀ ಪಂಚಾಂಗ ತಡಕಿ ಆರಿಸಿದ ಶುಭಮುಹೂರ್ತ ಆ ಪಂದ್ಯದ ಎರಡನೇ ದಿನ. ಎರಡು ತಿಂಗಳ ಐಪಿಎಲ್ ಮುಗಿದು ಹತ್ತು ದಿನವೂ ಆಗಿರಲಿಲ್ಲ. ಯುರೋಪಿನ ಆಟಗಾರರು ಬಿಡುವಾಗಿರುವುದು ಆಗಲೇ, ಏನು ಮಾಡುವುದು ಅನ್ನುತ್ತಾರೆ. ಅಂದರೆ ಭಾರತದ ಲೀಗಿನ ಕ್ಯಾಲೆಂಡರ್ ಹಾಕಿದ್ದು ಬೇರೆಯವರ ರಜೆ ನೋಡಿ. ಸರಿ, ಒಪ್ಪೋಣ. ಹಾಗಿದ್ದರೆ ಬೇರೆಯವರು ರಜೆ ಇಲ್ಲದಾಗ ಏನು ಮಾಡುತ್ತಾರೆ ಅಂತಲೂ ಒಂದಿಷ್ಟು ನೋಡಬಹುದಿತ್ತು.

ಜರ್ಮನಿಯ ಹ್ಯಾಂಡ್‌ಬಾಲ್ ಬುಂಡೆಸ್‌ಲಿಗಾ ಶುರುವಾದದ್ದು 1966ರಲ್ಲಿ. ಮೊದಲು ಉತ್ತರ, ದಕ್ಷಿಣ ಅಂತ ಎರಡು ಗುಂಪು. 1977ರಿಂದ ಒಂದೇ ಪಟ್ಟಿ. ಈಗ 18 ತಂಡ, ಪ್ರತಿ ತಂಡಕ್ಕೆ 34 ಪಂದ್ಯ, 17 ತವರಿನಲ್ಲಿ, 17 ಹೊರಗೆ. ಒಟ್ಟು 306. ಮಳೆಗಾಲದ ಕೊನೆಗೆ ಶುರುವಾದದ್ದು ಮುಂದಿನ ಮುಂಗಾರಿಗೆ ಮುಗಿಯುತ್ತದೆ, ನಮ್ಮ ಲೆಕ್ಕದಲ್ಲಿ ಹೇಳುವುದಾದರೆ. ಸೆಮಿಫೈನಲ್, ಫೈನಲ್ ಎಂಬ ನಾಟಕ ಇಲ್ಲ, ಪಟ್ಟಿಯ ಮೇಲಿದ್ದವನಿಗೆ ಪಟ್ಟ. ಆದರೂ 2025ರಲ್ಲಿ ಬರ್ಲಿನ್ನಿನ ಫುಕ್ಸೆ ತಂಡ ತನ್ನ ಮೊಟ್ಟಮೊದಲ ಪಟ್ಟ ಗೆದ್ದದ್ದು ಕೊನೆಯ ದಿನದ ಪಂದ್ಯದಲ್ಲಿ. ಪಟ್ಟಿಯ ತಳದ ಎರಡು ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ, ಅಲ್ಲಿಂದ ಎರಡು ಮೇಲೆ ಬರುತ್ತವೆ. ನಮ್ಮ ಲೀಗಿನಲ್ಲಿ ಕೊನೆಯ ಸ್ಥಾನ ಪಡೆದವರು ಎಲ್ಲಿಗೆ ಇಳಿಯಬೇಕು? ಕೆಳಗೆ ನೆಲವೇ ಇಲ್ಲ.

ದೊಡ್ಡ ನಗರ, ದೊಡ್ಡ ದುಡ್ಡು, ಅದಕ್ಕೇ ಅಲ್ಲಿ ಸಾಧ್ಯ ಅನ್ನಬೇಡಿ. ಬವೇರಿಯಾದಲ್ಲಿ ಮೈನ್ ನದಿಯ ದಡದಲ್ಲಿ ಗ್ರೋಸ್‌ವಾಲ್‌ಸ್ಟಾಟ್ ಎಂಬ ಊರಿದೆ. ಜನಸಂಖ್ಯೆ ಹೆಚ್ಚುಕಡಿಮೆ ನಾಲ್ಕು ಸಾವಿರ, ನಮ್ಮ ಎಷ್ಟೋ ಹೋಬಳಿ ಕೇಂದ್ರಗಳು ಅದಕ್ಕಿಂತ ದೊಡ್ಡವು. ಆ ಊರಿನ ಕ್ಲಬ್ 1888ರದ್ದು. 1978ರಿಂದ 1981ರವರೆಗೆ ಸತತ ನಾಲ್ಕು ವರ್ಷ ಪಶ್ಚಿಮ ಜರ್ಮನಿಯ ಚಾಂಪಿಯನ್, 1979 ಮತ್ತು 1980ರಲ್ಲಿ ಇಡೀ ಯುರೋಪಿನ ಚಾಂಪಿಯನ್. 23 ಪಟ್ಟಗಳ ಕೀಲ್ ಕೂಡ ಬರ್ಲಿನ್ನಿನಂಥ ಮಹಾನಗರವಲ್ಲ, ಕಡಲ ದಂಡೆಯ ಬಂದರು ಪಟ್ಟಣ. ಅದರ ಕ್ಲಬ್ಬಿಗೆ 1904ರ ಇತಿಹಾಸವಿದೆ, ಅದರ ಅಂಗಣಕ್ಕೆ ಹತ್ತು ಸಾವಿರ ಜನ ಬಂದು ಕೂರುತ್ತಾರೆ. ಊರಿನ ಮಕ್ಕಳು ಆಡಿದರು, ಊರು ನೋಡಿತು, ಆಮೇಲೆ ಲೀಗು ಬಂತು. ನಮ್ಮವರು ಜರ್ಮನಿಯಿಂದ ಏನನ್ನೂ ಕಲಿತಿಲ್ಲ ಎಂದರೆ ಅನ್ಯಾಯವಾದೀತು. ದೆಹಲಿ ತಂಡಕ್ಕೆ ಪ್ಯಾಂಜರ್ಸ್ ಎಂದು ಹೆಸರಿಟ್ಟಿದ್ದರು. ಟ್ಯಾಂಕಿನ ಹೆಸರು ಬಂತು, ಮಿಕ್ಕದ್ದು ಅಲ್ಲೇ ಉಳಿಯಿತು.

ಅಲ್ಲೂ ಯಜಮಾನರ ದುಡ್ಡನ್ನು ನಂಬಿ ಕೆಟ್ಟವರಿದ್ದಾರೆ. ಹ್ಯಾಂಬರ್ಗ್ ತಂಡ 2011ರಲ್ಲಿ ಜರ್ಮನಿಯ ಚಾಂಪಿಯನ್, 2013ರಲ್ಲಿ ಚಾಂಪಿಯನ್ಸ್ ಲೀಗ್ ವಿಜೇತ. ಹಿಂದೆ ನಿಂತಿದ್ದ ಶ್ರೀಮಂತರೊಬ್ಬರ ಕೈ ಹಿಂದಕ್ಕೆ ಸರಿದದ್ದೇ ತಡ, 2015ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ. 2016ರ ಜನವರಿಯಲ್ಲಿ ತಂಡ ಸೀಸನ್ನಿನ ಮಧ್ಯದಲ್ಲೇ ಲೀಗಿನಿಂದ ಔಟ್. ಆಡಿದ ಪಂದ್ಯಗಳ ಅಂಕಗಳನ್ನೂ ಪಟ್ಟಿಯಿಂದ ಅಳಿಸಿದರು. ಯುರೋಪ್ ಗೆದ್ದ ತಂಡದ ಗತಿ ಇದು. ಆದರೆ ಅಲ್ಲಿ ಒಂದು ತಂಡ ಬಿದ್ದಾಗ ಉಳಿದ 17 ನಿಂತಿದ್ದವು, ಹ್ಯಾಂಬರ್ಗ್ ಕೂಡ ಕೆಳದರ್ಜೆಯಿಂದ ಮತ್ತೆ ಹತ್ತಿ 2021ಕ್ಕೆ ವಾಪಸು ಬಂತು. ಇಲ್ಲಿ ಒಂದು ಕಂಪನಿ ಲೀಗಿನ ಒಡೆತನ ಹಿಡಿದಿತ್ತು. ಅದು ಸುಮ್ಮನಾದಾಗ ಆರಕ್ಕೆ ಆರೂ ತಂಡ ಮಾಯ.

ಇಷ್ಟು ಹೇಳಿದರೂ ಒಂದು ಬ್ರಹ್ಮಾಸ್ತ್ರ ಬಿಡುತ್ತಾರೆ: ‘ಕಬಡ್ಡಿ ನೋಡಿ ಸಾರ್.’ ನೋಡೋಣ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಎಂಟು ತಂಡ, ಊರಿಂದೂರಿಗೆ ಹೋಗುವ ಪ್ರವಾಸ. ಅದೂ ಎಂಥ ಆಟ? ಮಂಡ್ಯದ ಬಯಲಲ್ಲಿ, ದಕ್ಷಿಣ ಕನ್ನಡದ ಗದ್ದೆಗಳಲ್ಲಿ ಟ್ಯೂಬ್‌ಲೈಟ್ ಕಟ್ಟಿ ಬೆಳಗಿನ ಜಾವದವರೆಗೆ ಆಡುತ್ತಿದ್ದ ಆಟ. ಟೀವಿ ಬಂದು ಅದನ್ನು ಹುಟ್ಟಿಸಲಿಲ್ಲ, ಇದ್ದದ್ದಕ್ಕೆ ಬೆಳಕು ಹಾಕಿತು. ಹ್ಯಾಂಡ್‌ಬಾಲ್‌ಗೆ ಅಂಥ ಗದ್ದೆ ಎಲ್ಲಿದೆ? ಇನ್ನೊಂದು ಮಾತು. ಆ ಕಬಡ್ಡಿಯೇ ಈಗ ಹ್ಯಾಂಡ್‌ಬಾಲ್ ದಾರಿ ಹಿಡಿದಿದೆ. 2023–24ರ ಹತ್ತನೇ ಸೀಸನ್ 12 ಊರುಗಳಿಗೆ ಹೋಗಿತ್ತು, ಕಂಠೀರವದಲ್ಲಿ ಬುಲ್ಸ್ ಆಡುವುದನ್ನು ನಾವೂ ಕಂಡೆವು. ಮರುವರ್ಷ ಹೈದರಾಬಾದ್, ನೋಯ್ಡಾ, ಪುಣೆ ಅಷ್ಟೇ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರು ಬುಲ್ಸ್‌ಗೆ ಬೆಂಗಳೂರಿನಲ್ಲೇ ಪಂದ್ಯವಿಲ್ಲ! ಗೂಳಿ ನಮ್ಮದು, ಕೊಟ್ಟಿಗೆ ಯಾರದ್ದೋ. ಉದಾಹರಣೆ ಕೊಡುವವರು ಹೊಸ ಸುದ್ದಿಯನ್ನೂ ಓದಿಕೊಂಡು ಬಂದರೆ ಒಳ್ಳೆಯದು.

ಹುಡುಗಿಯರ ವಿಷಯ ಬಂದರೆ ನನಗೆ ರಕ್ತ ಕುದಿಯುತ್ತದೆ. 2022ರ ಮಾರ್ಚ್, ಕಜಾಕಿಸ್ತಾನದ ಅಲ್ಮಾಟಿ. ಏಷ್ಯಾ ಜೂನಿಯರ್ ಮಹಿಳಾ ಚಾಂಪಿಯನ್‌ಷಿಪ್‌ನ ಕೊನೆಯ ಪಂದ್ಯದಲ್ಲಿ ಭಾರತದ ಹುಡುಗಿಯರು ಥಾಯ್ಲೆಂಡನ್ನು 41–18ರಿಂದ ಹೊಡೆದು ಕಪ್ ತಂದರು. ಭಾರತೀಯ ಹ್ಯಾಂಡ್‌ಬಾಲ್‌ಗೆ ಅಂಥ ದಿನ ಹಿಂದೆ ಬಂದಿರಲಿಲ್ಲ. ಹದಿನೈದು ತಿಂಗಳ ನಂತರ ಕೋಟಿಗಟ್ಟಲೆ ಸುರಿದು ಲೀಗು ಮಾಡಿದರಲ್ಲ, ಯಾರಿಗೆ? ಗಂಡಸರಿಗೆ. ಕಪ್ ಗೆದ್ದವರು ಮನೆಯಲ್ಲಿ ಕೂತು ಟೀವಿಯಲ್ಲಿ ನೋಡಲಿ ಎಂದೋ ಏನೋ.

ಆ ಕೋಟಿಗಳಲ್ಲಿ ಒಂದು ಚೂರು ಎಲ್ಲಿ ಬೀಳಬೇಕಿತ್ತು ಎಂದು ತಿಳಿಯಬೇಕಾದರೆ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋಗಿ. ಪಿಟಿ ಮೇಷ್ಟ್ರು ಬೆಳಿಗ್ಗೆ ಸುಣ್ಣದ ಪುಡಿ ಹಿಡಿದು ಗೆರೆ ಹಾಕುತ್ತಿರುತ್ತಾರೆ. ಅಂಗಣ 40 ಮೀಟರ್ ಉದ್ದ, 20 ಅಗಲ ಇರಬೇಕು. ಅಷ್ಟು ಜಾಗವಿಲ್ಲದೆ ಒಂದು ಮೂಲೆ ಧ್ವಜಸ್ತಂಭದ ಕಟ್ಟೆಗೆ ತಾಗುತ್ತದೆ. ಗೋಲಿನ ಕಂಬಕ್ಕೆ ಜಿಐ ಪೈಪು, ನೆಟ್ಟಿನ ಬದಲು ಹಳೇ ವಾಲಿಬಾಲ್ ಬಲೆ. ಚೆಂಡು ಒಂದೇ. ಪುರುಷರ ಚೆಂಡು 58ರಿಂದ 60 ಸೆಂಟಿಮೀಟರ್ ಸುತ್ತಳತೆಯದ್ದು, ಹೆಣ್ಣುಮಕ್ಕಳದ್ದು 54ರಿಂದ 56. ಆದರೆ ಇರುವ ದೊಡ್ಡ ಚೆಂಡನ್ನೇ ಎಂಟನೇ ಕ್ಲಾಸಿನ ಹುಡುಗಿ ಎರಡೂ ಕೈಯಲ್ಲಿ ತಬ್ಬಿ ಎಸೆಯುತ್ತಾಳೆ. ಆರು ಮೀಟರ್ ಗೆರೆಯ ಮೇಲಿಂದ ಹಾರಿ ಗಾಳಿಯಲ್ಲೇ ಚೆಂಡು ಬಿಡುವುದು ಈ ಆಟದ ಜೀವ. ಜಲ್ಲಿಯ ನೆಲದ ಮೇಲೆ ಯಾವ ತಾಯಿಯ ಮಗಳು ಹಾರುತ್ತಾಳೆ? ಹಾರಿದವಳ ಮೊಣಕಾಲು ನೋಡಿ, ಗೊತ್ತಾಗುತ್ತದೆ. ಎರಡನೇ ಸುತ್ತಿನ ಹೊತ್ತಿಗೆ ಒಂದು ಮಳೆ ಬಿದ್ದರೆ ಗೆರೆಯೂ ಹೋಯಿತು, ಏಳು ಮೀಟರ್ ಎಸೆತ ಎಲ್ಲಿಂದ ಎಂದು ಇಬ್ಬರು ಮೇಷ್ಟ್ರುಗಳ ನಡುವೆ ಜಗಳವೂ ಹತ್ತಿತು.

ಇದನ್ನೆಲ್ಲ ನೋಡಬೇಕಾದ ಸಂಸ್ಥೆಗಳಿಗೆ ಪುರುಸೊತ್ತಿಲ್ಲ. ಒಂದು ಆಟಕ್ಕೆ ಎರಡು ಬಣ, ಒಂದು ಫೆಡರೇಷನ್ ಆಫ್ ಇಂಡಿಯಾ, ಇನ್ನೊಂದು ಅಸೋಸಿಯೇಷನ್ ಇಂಡಿಯಾ. ಯಾರ ಸೀಲು ಅಸಲಿ ಎಂಬ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು. ಫೆಡರೇಷನ್ ಅಧ್ಯಕ್ಷರಾಗಿದ್ದ ಜಗನ್ ಮೋಹನ್ ರಾವ್ ಅವರು ಲೀಗು ಮುಗಿದ ನಾಲ್ಕೇ ತಿಂಗಳಲ್ಲಿ, 2023ರ ಅಕ್ಟೋಬರಿನಲ್ಲಿ, ಹೈದರಾಬಾದ್ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ತಪ್ಪೇನಿಲ್ಲ, ಭಾರತದಲ್ಲಿ ಎಲ್ಲ ಆಟಗಳ ಕೊನೆಯ ನಿಲ್ದಾಣ ಅದೇ ತಾನೆ.

ಹ್ಯಾಂಡ್‌ಬಾಲ್ ಒಂದನ್ನೇ ಯಾಕೆ ಬೈಯಲಿ? 2011ರಲ್ಲಿ ಇಂಡಿಯನ್ ವಾಲಿ ಲೀಗ್ ಬಂತು, ಕರ್ನಾಟಕ ಬುಲ್ಸ್ ಎಂಬ ತಂಡವೂ ಇತ್ತು. ನೆನಪಿದೆಯೇ? ಒಂದೇ ಸೀಸನ್. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ, ಅದರಲ್ಲಿ ಕರ್ನಾಟಕ ಲಯನ್ಸ್. ಅದೂ ಒಂದೇ ಸೀಸನ್, ಅಲ್ಲೂ ಎರಡು ಹಾಕಿ ಸಂಸ್ಥೆಗಳ ಕಿತ್ತಾಟ. ಖೋ ಖೋ ಲೀಗು ಮೊದಲ ವರ್ಷ ಪೂರ್ತಿ ಪುಣೆಯಲ್ಲಿ, ಎರಡನೇ ವರ್ಷ ಪೂರ್ತಿ ಕಟಕ್‌ನಲ್ಲಿ. ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗನ್ನೇ 2025ರ ಜುಲೈಯಲ್ಲಿ ನಡೆಸುವವರು ತಡೆಹಿಡಿದರು, ಒಪ್ಪಂದ ಮುಗಿಯುತ್ತಿದೆ ಎಂಬ ಕಾರಣಕ್ಕೆ. ಬುಲ್ಸೋ ಲಯನ್ಸೋ, ಪ್ರಾಣಿಗಳಿಗೇನೂ ಕೊರತೆಯಿಲ್ಲ. ಕಟ್ಟಿಹಾಕಲು ಗೂಟವಿಲ್ಲ, ಅಷ್ಟೆ. ಸರ್ಕಾರಕ್ಕಾದರೂ ಇದರ ಪರಿವೆ ಇದೆಯೇ? 2023ರ ಮೇ 20ರಂದು ಮುಖ್ಯಮಂತ್ರಿ ಪ್ರಮಾಣವಚನ ಎಲ್ಲಿ ನಡೆಯಿತು? ಅಥ್ಲೀಟುಗಳು ಓಡುವ ಕಂಠೀರವ ಕ್ರೀಡಾಂಗಣದಲ್ಲಿ. ಯಾವ ಪಕ್ಷ ಬಂದರೂ ಆಟದ ಮೈದಾನವೆಂದರೆ ಶಾಮಿಯಾನ ಹಾಕುವ ಜಾಗ. ಇವರು ನಾಳೆ ಹ್ಯಾಂಡ್‌ಬಾಲ್ ತಂಡಕ್ಕೆ ‘ಕರ್ನಾಟಕ’ ಎಂಬ ಹೆಸರು ಬಿಟ್ಟುಕೊಟ್ಟು, ಫೋಟೋಕ್ಕೆ ನಿಂತು, ಕ್ರೀಡೆಗೆ ಪ್ರೋತ್ಸಾಹ ಎಂದು ಜಾಹೀರಾತು ಕೊಡುತ್ತಾರೆ.

ಜೈಪುರದಲ್ಲಿ ಆಟವೇನೂ ಕೆಟ್ಟದಾಗಿರಲಿಲ್ಲ. ಗಂಟೆಯೊಳಗೆ ಎರಡೂ ಕಡೆ ಸೇರಿ ಐವತ್ತು, ಅರವತ್ತು ಗೋಲು ಬೀಳುವ ಆಟ ಯಾರಿಗೆ ಬೇಡ? ರೈಲ್ವೆಯಲ್ಲೋ, ಸೇನೆಯಲ್ಲೋ, ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ನೌಕರಿ ಹಿಡಿದು ಬದುಕುವ ಹುಡುಗರು 18 ದಿನ ಟೀವಿಯಲ್ಲಿ ಮಿಂಚಿ ಮತ್ತೆ ಡ್ಯೂಟಿಗೆ ಹೋದರು. ಅವರು ಆಡಿದ ರೀತಿಗೆ 33 ಪಂದ್ಯ ಏನೇನೂ ಸಾಲದು.

ಆದ್ದರಿಂದ ಬೆಂಗಳೂರಿನ ಯಾವುದಾದರೂ ಧಣಿ ಏಳನೇ ತಂಡ ಕೊಳ್ಳುತ್ತೇನೆಂದು ಪತ್ರಿಕಾಗೋಷ್ಠಿ ಕರೆದರೆ ಜೆರ್ಸಿಯ ಬಣ್ಣ, ವಿದೇಶಿ ಆಟಗಾರನ ಹೆಸರು, ಬ್ರಾಂಡ್ ಅಂಬಾಸಿಡರ್ ಯಾವ ನಟಿ ಎಂದೆಲ್ಲ ಕೇಳುವ ಮೊದಲು ವರದಿಗಾರ ಮಿತ್ರರು ಇಷ್ಟು ಕೇಳಲಿ: ತವರಿನ ಪಂದ್ಯ ಎಷ್ಟು? ಯಾವ ಊರು, ಯಾವ ಅಂಗಣ? ಗ್ಯಾಲರಿ ಟಿಕೆಟ್ ಎಷ್ಟು ರೂಪಾಯಿ? ಹುಡುಗಿಯರ ತಂಡ ಎಲ್ಲಿ? ಎರಡನೇ ಸೀಸನ್ನಿನ ದುಡ್ಡನ್ನು ಈಗಲೇ ಬ್ಯಾಂಕಿನಲ್ಲಿ ಇಟ್ಟಿದ್ದೀರಾ? ಉತ್ತರ ‘ಜೈಪುರ’ ಎಂದು ಶುರುವಾದರೆ ಕಾಫಿ ಕುಡಿದು ಎದ್ದು ಬರಬಹುದು.