ಕೇಳದವನ ಕಿವಿಗೆ ಸಾಲದ ಕರೆ

ಸಿಂಧನೂರಿನ ಗದ್ದೆಯಲ್ಲಿ ಬತ್ತದ ನಾಟಿಗೆ ನಿಂತ ರೈತನ ಜೇಬಿನಲ್ಲಿ ಫೋನು ಬಾರಿಸುತ್ತದೆ. ಕಾಲುವೆಗೆ ನೀರು ಬಿಟ್ಟ ಸುದ್ದಿಯಿರಬೇಕೆಂದು ಕೆಸರುಗೈ ಒರೆಸಿಕೊಂಡು ಅವನು ಅದನ್ನು ಕಿವಿಗಿಡುತ್ತಾನೆ. ಅತ್ತಲಿಂದ ಬರುವುದು ಸಾಲ ಬೇಕೇ ಎಂಬ ಯಂತ್ರದ ಧ್ವನಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ ಕಾರ್ಮಿಕನನ್ನು ಎಬ್ಬಿಸುವುದೂ ಇದೇ ಧ್ವನಿ. ಇದು ಸಣ್ಣ ಕಿರಿಕಿರಿಯೆಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪಲಾರೆವು.

ಈ ಜಾಹೀರಾತಿಗೆ ಬಂಡವಾಳಗಾರನು ಮಾಡುವ ಖರ್ಚು ಅತ್ಯಲ್ಪ. ಕೇಳುವವನು ತೆರುವುದು ತನ್ನ ನಿದ್ರೆಯನ್ನು, ತನ್ನ ದುಡಿಮೆಯ ಹೊತ್ತನ್ನು. ಬೆಳೆ ಕೈಕೊಟ್ಟ ವರ್ಷದಲ್ಲಿ ನಾಲ್ಕು ಬಾರಿ ಬೇಡವೆಂದವನು ಐದನೆಯ ಬಾರಿ ಹೂಂಗುಟ್ಟಿದರೆ ತಪ್ಪು ಯಾರದು? ಬ್ಯಾಂಕಿನ, ಬೆಳೆ ವಿಮೆಯ ನಿಜವಾದ ಸಂದೇಶವೂ ಈ ಕಸದ ರಾಶಿಯಲ್ಲಿ ಹೂತುಹೋಗುತ್ತದೆ.

ಕಾನೂನು ಇಲ್ಲದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2007ರಲ್ಲಿ ಮೊದಲ ನಿಯಮ ಮಾಡಿತು. 2010ರಲ್ಲಿಯೂ 2018ರಲ್ಲಿಯೂ ಅದನ್ನು ಹೊಸದಾಗಿ ರಚಿಸಿತು. ಇಂಗ್ಲಿಷ್ ಅಕ್ಷರಗಳಲ್ಲಿ 'ಸ್ಟಾರ್ಟ್' ಎಂದು ಬರೆದು, ಜಾಗ ಬಿಟ್ಟು ಸೊನ್ನೆ ಸೇರಿಸಿ 1909ಕ್ಕೆ ಕಳುಹಿಸಿದರೆ ಜಾಹೀರಾತು ನಿಲ್ಲಬೇಕು. ಆ ನಂಬರಿಗೆ ಕರೆ ಮಾಡಿಯೂ ಹೇಳಬಹುದು. ಬ್ಯಾಂಕಿನ ಲೆಕ್ಕದ ಸಂದೇಶಗಳು ಇದರಿಂದ ನಿಲ್ಲುವುದಿಲ್ಲ. ಅನಂತರವೂ ಕಾಟ ಮುಂದುವರಿದರೆ ಕರೆ ಬಂದ ನಂಬರು, ದಿನಾಂಕ, ವಿಷಯ ತಿಳಿಸಿ 1909ಕ್ಕೇ ದೂರು ಕೊಡಬಹುದು. 2025ರ ಫೆಬ್ರವರಿಯ ತಿದ್ದುಪಡಿಯು ದೂರಿನ ಅವಧಿಯನ್ನು 3 ದಿನದಿಂದ 7 ದಿನಕ್ಕೆ ಏರಿಸಿದೆ.

ಆದರೆ ಈ ವ್ಯವಸ್ಥೆಯ ತಳಹದಿಯೇ ತಲೆಕೆಳಗಾಗಿದೆಯೆಂಬುದು ನಮ್ಮ ಅಭಿಪ್ರಾಯ. ಬಾಯಿಬಿಡದವನು ಒಪ್ಪಿದನೆಂದು ಅದು ಭಾವಿಸುತ್ತದೆ. ಮನೆಯೊಳಗೆ ನುಗ್ಗುವವನು ಅಪ್ಪಣೆ ಕೇಳಬೇಕೋ, ಮನೆಯವನು ಬಾಗಿಲಿಗೆ ಬೇಡವೆಂಬ ಹಲಗೆ ತೂಗುಹಾಕಬೇಕೋ? ಇಂಗ್ಲಿಷ್ ಬಾರದ ಮುದುಕಿಯ ಪಾಲಿಗೆ ಆ ಹಲಗೆಯೂ ಇಲ್ಲ.

ಮಸ್ಕಿಯ ಬಂಡೆಯನ್ನು ನೋಡಿರಿ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಚಕ್ರವರ್ತಿಯು ಬಿರುದಿನ ಜೊತೆಗೆ ಅಶೋಕನೆಂಬ ತನ್ನ ಹೆಸರನ್ನೂ ಕೆತ್ತಿಸಿದ್ದಾನೆ. ಹೇಳುವವನು ಯಾರೆಂಬುದು ಅಲ್ಲಿ ಗುಟ್ಟಲ್ಲ. ಇಂದಿನ ವ್ಯಾಪಾರಿಗೆ ಆ ಧೈರ್ಯವಿಲ್ಲ. ಜಾಹೀರಾತಿನ ಕರೆಗೆ 140ರಿಂದ ಆರಂಭವಾಗುವ ನಂಬರು ಗೊತ್ತುಪಡಿಸಿದ್ದರೂ, ನಿಯಮ ತಪ್ಪಿಸುವವರು ಸಾಮಾನ್ಯ ಹತ್ತಂಕಿಯ ನಂಬರಿನ ಹಿಂದೆ ಅಡಗುತ್ತಾರೆ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಮೊದಲು ಒಪ್ಪಿಗೆ, ಆಮೇಲೆ ಕರೆ ಎಂಬುದು ನಿಯಮವಾಗಲಿ. ಬೇಡವೆನ್ನುವುದಕ್ಕೆ ಕನ್ನಡದ ಒಂದು ಮಾತು ಸಾಕಾಗಲಿ. ಅಂಗಡಿಯವರು ಗಿರಾಕಿಯ ನಂಬರಿಗಾಗಿ ಒತ್ತಾಯಿಸಕೂಡದೆಂದು 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚಿಸಿತು. ಬೀಜ ಗೊಬ್ಬರದ ಅಂಗಡಿಗಳಲ್ಲಿ ಅದು ಪಾಲನೆಯಾಗಲಿ.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಮೂರೂ ತಾಲ್ಲೂಕುಗಳ ತರುಣ ಕಾರ್ಯಕರ್ತರು ಸಂತೆಯ ದಿನ ಒಂದು ಮೇಜು ಹಾಕಿ ಕುಳಿತು, ಓದುಬಾರದ ಬಂಧುಗಳ ಪರವಾಗಿ ಆ ಒಂದು ಸಂದೇಶವನ್ನು ಕಳುಹಿಸಿಕೊಡಲಿ. ಬೇಡವೆಂದು ಒಬ್ಬನು ಹೇಳಿದರೆ ಗೊಣಗಾಟ. ಸಂತೆಯೇ ಹೇಳಿದರೆ ವ್ಯಾಪಾರಿಯೂ ಕೇಳಬೇಕಾಗುತ್ತದೆ.