ಕಾಫಿ ಡೇ ಸೋತಿದ್ದು ಕಾಫಿಯಲ್ಲಲ್ಲ

ಸ್ಟಾರ್‌ಬಕ್ಸ್ ಬಂತು, ಕೆಫೆ ಕಾಫಿ ಡೇ ಸೋತಿತು. ಎಂಬಿಎ ಹುಡುಗರ ಪಿಪಿಟಿಗಳಲ್ಲಿ ಕತೆ ಇಷ್ಟೇ. ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಅಂತ ನಾಲ್ಕು ಚೌಕ ಬರೆದು, ಅಪಾಯದ ಚೌಕದಲ್ಲಿ ಸ್ಟಾರ್‌ಬಕ್ಸ್ ಅಂತ ಹಾಕಿದರೆ ಮುಗಿಯಿತು. ಈ ಲೆಕ್ಕ ತಪ್ಪು.

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆದ ವಿ.ಜಿ. ಸಿದ್ಧಾರ್ಥ ಅವರ ಬಳಿ ಚಿಕ್ಕಮಗಳೂರಿನ ತೋಟ, ಬೀಜದ ವ್ಯಾಪಾರ, ಹುರಿಯುವ ಘಟಕ ಎಲ್ಲವೂ ಇದ್ದವು. 2012ರಲ್ಲಿ ಸ್ಟಾರ್‌ಬಕ್ಸ್ ಇಲ್ಲಿಗೆ ಬಂದಿದ್ದು ಟಾಟಾ ಕೈ ಹಿಡಿದುಕೊಂಡು. 2019ರ ಮಾರ್ಚ್‌ನಲ್ಲಿ ಕಾಫಿ ಡೇ ಕೆಫೆಗಳು 1,700 ದಾಟಿದ್ದವು. ಸ್ಟಾರ್‌ಬಕ್ಸ್‌ಗೆ 200 ಸಹ ಇರಲಿಲ್ಲ. ಕಪ್ಪಿನ ಬೆಲೆಯೂ ನಮ್ಮವರದ್ದೇ ಕಡಿಮೆ. ಇದು ಸೋತವರ ಲಕ್ಷಣವೇ?

ಹೊಡೆದಿದ್ದು ಸಾಲ. ಐಟಿ ಪಾರ್ಕ್, ಲಾಜಿಸ್ಟಿಕ್ಸ್, ರೆಸಾರ್ಟ್, ಷೇರು ವಹಿವಾಟು ಎಂದು ಹರಡಿದ ಸಮೂಹದ ಸಾಲ ಅದೇ ಮಾರ್ಚ್‌ಗೆ 7,000 ಕೋಟಿ ರೂಪಾಯಿ ಮೀರಿತ್ತು. ಜುಲೈನಲ್ಲಿ ಸಿದ್ಧಾರ್ಥ ತೀರಿಕೊಂಡರು. ಅಂಗಸಂಸ್ಥೆಗಳ 3,535 ಕೋಟಿ ರೂಪಾಯಿ ಪ್ರವರ್ತಕರ ಕಂಪನಿಗೆ ಹರಿದಿತ್ತು ಎಂದು 2023ರ ಜನವರಿಯಲ್ಲಿ ಸೆಬಿ ದಂಡ ಹಾಕಿತು. ಸಾಲ ಇಳಿಸಲು ಐಟಿ ಪಾರ್ಕ್ ಮಾರಾಟವಾಯಿತು, ನೂರಾರು ಕೆಫೆಗಳು ಬಾಗಿಲು ಹಾಕಿದವು.

ವಿದೇಶಿ ಕಂಪನಿ ಹೊಡೆಯಿತು ಅಂದುಬಿಟ್ಟರೆ ಯಾರೂ ಲೆಕ್ಕಪತ್ರ ಕೇಳುವುದಿಲ್ಲ. ಕೆಲಸ ಕಳೆದುಕೊಂಡ ಹುಡುಗ ಹುಡುಗಿಯರಿಗೆ ಪೈಪೋಟಿಯೇ ಕಾರಣ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು.

ತಪ್ಪು ನಮ್ಮ ವೃತ್ತಿಯದ್ದೂ ಹೌದು. ಕೆಫೆ ಎಷ್ಟಾಯಿತು ಅಂತ ಬರೆದ ನಾವು ಸಾಲ ಎಷ್ಟಾಯಿತು ಅಂತ ಕೇಳಿದ್ದು ತಡವಾಗಿ. ಮುಂದಿನ ಸಲ ‘ಮಲೆನಾಡಿನ ಹೆಮ್ಮೆ’ ಅಂತ ತಲೆಬರಹ ಕೊಡುವ ಮೊದಲು ಬ್ಯಾಲೆನ್ಸ್ ಶೀಟ್ ತೆರೆಯೋಣ.